ಅವತ್ತು ಗಾಳಿ ಇರಲಿಲ್ಲ

ಕೀ ಓಶಿಮಾ, ಕುಶಿಮೊತೊ
23 ಏಪ್ರಿಲ್ 2018, ಸೋಮವಾರ

ಪ್ರೀತಿಯ ನಮಿಯೆಗೆ,

ಹೊಸವರ್ಷಕ್ಕೆ ನೀನು ಕಳಿಸಿದ ಕಾರ್ಡು ತಲುಪಿತು. ಫೆಬ್ರುವರಿಯಲ್ಲಿ ಬಂದ ಉಣ್ಣೆ ಕಾಲುಚೀಲದ ಪೊಟ್ಟಣವೂ ತಲುಪಿತು. ತಲುಪಿದೆ ಅಂತ ಎರಡು ಸಾಲು ಬರೆಯುವುದಕ್ಕೆ ನನಗೆ ಏಪ್ರಿಲ್ ಕೊನೆಯಾಗಬೇಕಾಯಿತು. ಬೈಯಬೇಡ. ಮಾರ್ಚ್ ಪೂರ್ತಿ ವಕಾಮೆ ಪಾಚಿ ಒಣಹಾಕುವ ಕೆಲಸ, ಅದು ಮುಗಿಯುವಷ್ಟರಲ್ಲಿ ನನ್ನ ಬಲ ಮಂಡಿ ಊದಿಕೊಂಡಿತು. ಈಗ ಪರವಾಗಿಲ್ಲ, ಮೆಟ್ಟಿಲು ಇಳಿಯುವಾಗ ಮಾತ್ರ ಗೋಡೆ ಹಿಡಿಯುತ್ತೇನೆ. ನಿನ್ನ ಬೆನ್ನು ಹೇಗಿದೆ? ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಹಂಡೆ ಎತ್ತಿದ ಬೆನ್ನು, ನಿವೃತ್ತಿ ಆಯಿತು ಅಂದ ಮಾತ್ರಕ್ಕೆ ಸುಮ್ಮನಿರುವುದಿಲ್ಲ. ನಿಮ್ಮ ಮನೆಯವರ ಸಕ್ಕರೆ ಹತೋಟಿಯಲ್ಲಿದೆ ತಾನೇ?

ಇಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ. ಈ ವರ್ಷ ಕಾತ್ಸುಒ ಮೀನು ತಡವಾಗಿ ಬಂತು, ಬಂದದ್ದೂ ಸಣ್ಣದು. ಹಿತ್ತಲಿನ ಕಿಂಕಾನ್ ಗಿಡ ಮಾತ್ರ ಯಾಕೋ ಬುಟ್ಟಿಗಟ್ಟಲೆ ಕಾಯಿ ಬಿಟ್ಟಿತು, ಸಕ್ಕರೆ ಪಾಕದಲ್ಲಿ ಹಾಕಿಟ್ಟಿದ್ದೇನೆ, ಈ ಕಾಗದದ ಹಿಂದೆಯೇ ಒಂದು ಸೀಸೆ ಕಳಿಸುತ್ತೇನೆ. ಅಂಚೆ ಮಾಸ್ತರರಾಗಿದ್ದ ಕಾತ್ಸುಮಿ ಅಣ್ಣನನ್ನು ನೀನು ಮರೆತಿರಲಿಕ್ಕಿಲ್ಲ. ಅವನ ಹೆಂಡತಿಗೆ ಸೊಂಟದ ಆಪರೇಶನ್ ಆಯಿತು. ಅವಳು ಆಸ್ಪತ್ರೆಯಲ್ಲಿದ್ದ ಮೂರು ವಾರ ಅವನು ನಮ್ಮ ಮನೆಯಲ್ಲೇ ಮಧ್ಯಾಹ್ನದ ಊಟ ಮಾಡಿದ. ಊಟ ಮಾಡಿ, "ಕಿನು, ನಿನ್ನ ಮಿಸೊ ಸಾರಿಗೆ ಉಪ್ಪು ಹಾಕೋದನ್ನ ನಿನಗೆ ಯಾರೂ ಹೇಳಿಕೊಡಲಿಲ್ವಾ?" ಅನ್ನುತ್ತಿದ್ದ. ಮೂರು ವಾರವೂ ದಿನಾ ಅದೇ ಮಾತು. ಒಂದು ದಿನವೂ ಬಟ್ಟಲಲ್ಲಿ ಸಾರು ಬಿಡಲಿಲ್ಲ.

ಸರಿ, ವಿಷಯಕ್ಕೆ ಬರುತ್ತೇನೆ. ಮೇ ಒಂಬತ್ತಕ್ಕೆ ಅಪ್ಪನಿಗೆ ತೊಂಬತ್ತೊಂದು ತುಂಬುತ್ತದೆ. ಪ್ರತಿವರ್ಷ ಆ ದಿನ ನೀನು ಫೋನ್ ಮಾಡುತ್ತೀಯ. "ಹೇಗಿದ್ದಾರೆ?" ಅನ್ನುತ್ತೀಯ. "ಇದ್ದಾರೆ" ಅನ್ನುತ್ತೇನೆ. ಅಲ್ಲಿಗೆ ಅವರ ಮಾತು ಮುಗಿದು ನಾವು ಹವಾಮಾನದ ಬಗ್ಗೆ ಮಾತಾಡುತ್ತೇವೆ. ಈ ಸಲ ಅವರು ಫೋನನ್ನು ತಮ್ಮ ಕೈಗೆ ಕೇಳಬಹುದು. ಕೇಳಿದರೆ, ನೀನು ಈಗಾಗಲೇ ಅವರ ಹತ್ತಿರ ಏನೇನು ಮಾತಾಡಿದ್ದೀಯ ಅನ್ನುವುದು ನಿನಗೆ ಗೊತ್ತಿರಬೇಕು. ನೀನು ಮಾತಾಡಿಲ್ಲ, ನಾನು ಬಲ್ಲೆ. ನಿನ್ನ ಹೆಸರಿನಲ್ಲಿ ಮಾತಾಡಿದವಳು ನಾನು. ಅದಕ್ಕೇ ಈ ಕಾಗದ.

ಅಪ್ಪನ ಮರೆವು ಎರಡು ವರ್ಷದಿಂದ ಇರುವುದೇ. ಮೊದಲು ಕನ್ನಡಕ ಎಲ್ಲಿಟ್ಟೆ ಅನ್ನುವುದು, ಆಮೇಲೆ ಊಟ ಆಯಿತೋ ಇಲ್ಲವೋ ಅನ್ನುವುದು. ಕಳೆದ ಚಳಿಗಾಲದಿಂದ ಒಂದು ಹೊಸ ಅಭ್ಯಾಸ ಶುರುವಾಗಿತ್ತು. ಬೆಳಿಗ್ಗೆ ಐದೂವರೆಗೆ ಎದ್ದು, ಹಳೆಯ ಟೋಪಿ ಹಾಕಿಕೊಂಡು, ಆರು ಗಂಟೆಯ ಲಾಂಚು ಬಿಡಬೇಕು ಅಂತ ದೋಣಿಗಳು ನಿಲ್ಲುವ ಧಕ್ಕೆಗೆ ಹೊರಡುವುದು. ಸೇತುವೆ ಆಗಿ ಲಾಂಚು ನಿಂತು ಹತ್ತೊಂಬತ್ತನೆಯ ವರ್ಷ. ಹೇಳಿದರೆ ಕೇಳುವವರಲ್ಲ. ನಾನು ಅವರ ಕೋಟು ಕೈಯಲ್ಲಿ ಹಿಡಿದುಕೊಂಡು ಹತ್ತು ಹೆಜ್ಜೆ ಹಿಂದೆ ಹೋಗುತ್ತಿದ್ದೆ. ಧಕ್ಕೆಯ ತುದಿಯಲ್ಲಿ ನಿಂತು ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿಯುತ್ತಿದ್ದರು. ದ್ವೀಪದ ಪೂರ್ವ ತುದಿಯ ಕಾಶಿನೊ ಕಡೆಯ ಮೋಡ ನೋಡುತ್ತಿದ್ದರು. ಆಮೇಲೆ ಯಾರಿಗೂ ಅಲ್ಲದ ಹಾಗೆ, "ಇವತ್ತು ಹೋಗಬಹುದು" ಅಂತಲೋ, "ಇವತ್ತು ಬೇಡ" ಅಂತಲೋ ಹೇಳಿ ಮನೆಗೆ ಬಂದು ತಿಂಡಿಗೆ ಕೂರುತ್ತಿದ್ದರು. ಮೀನು ಹಿಡಿಯುವವರು ಕೆಲವರು ಅವರ ಮಾತು ಕೇಳಿಕೊಂಡೇ ದೋಣಿ ಇಳಿಸುತ್ತಿದ್ದರು. ರೇಡಿಯೊಗಿಂತ ಅಪ್ಪನೇ ಸರಿ ಅಂತ ಅವರ ಲೆಕ್ಕ. ಆ ಬುದ್ಧಿ ಒಂದು ಮಾತ್ರ ಮಾಸಿಲ್ಲ.

ಮಾರ್ಚ್ ಕೊನೆಗೆ ಮತ್ತೊಂದು ಹಟ ಶುರುವಾಯಿತು. ಹಾಶಿಗುಯಿ ಬಂಡೆಗೆ ಕರೆದುಕೊಂಡು ಹೋಗು ಅಂತ.

"ಯಾಕಪ್ಪ ಅಲ್ಲಿಗೆ?"

"ಗುರುಗಳ ಸೇತುವೆ ಎಲ್ಲೀತನಕ ಬಂತು, ನೋಡ್ಬೇಕು."

ನನಗೆ ನಗು ಬಂತು. ನಿನಗೆ ನೆನಪಿರಬೇಕು, ನಾವು ಸಣ್ಣವರಿದ್ದಾಗ ಆ ಕಥೆಯನ್ನು ಅಪ್ಪ ಎಷ್ಟು ಸಲ ಹೇಳಿದ್ದರು. ಕೋಬೊ ಗುರುಗಳು ನಮ್ಮ ದ್ವೀಪಕ್ಕೆ ಒಂದೇ ರಾತ್ರಿಯಲ್ಲಿ ಸೇತುವೆ ಕಟ್ಟುತ್ತೇನೆ ಅಂತ ಅಮಾನೊಜಾಕು ಭೂತದ ಹತ್ತಿರ ಪಂಥ ಕಟ್ಟಿದ್ದು. ಕಂಬದ ಮೇಲೆ ಕಂಬ ಏಳುತ್ತಿದ್ದದ್ದು ನೋಡಿ ಆ ಕಿತಾಪತಿ ಭೂತ ಕೋಳಿಯ ಹಾಗೆ ಕೂಗಿದ್ದು. ಬೆಳಗಾಯಿತು ಅಂದುಕೊಂಡು ಗುರುಗಳು ಕಂಬಗಳನ್ನಷ್ಟೇ ಬಿಟ್ಟು ಹೊರಟು ಹೋದದ್ದು, ಆ ಕಂಬಗಳೇ ಹಾಶಿಗುಯಿ ಬಂಡೆಗಳಾಗಿ ನಿಂತದ್ದು. ಊರಿನವರೆಲ್ಲ ಭೂತವನ್ನು ಬೈದು ಕಥೆ ಮುಗಿಸಿದರೆ ಅಪ್ಪ ಒಬ್ಬರೇ, "ಅವನು ಕೂಗಿದ್ದಕ್ಕೇ ನಾವು ಅನ್ನ ತಿಂತಿರೋದು. ಸೇತುವೆ ಆಗಿದ್ರೆ ಲಾಂಚಿಗೆ ಯಾರು ಹತ್ತುತ್ತಿದ್ರು?" ಅನ್ನುತ್ತಿದ್ದರು. ಅಮ್ಮ, "ಮಕ್ಕಳ ಮುಂದೆ ಭೂತಕ್ಕೆ ವಕಾಲತ್ತು ಬೇಡ" ಅನ್ನುತ್ತಿದ್ದಳು.

ಕಳೆದ ಮಂಗಳವಾರ, ಹದಿನೇಳಕ್ಕೆ, ಹೊರಟೆವು. ಅಮಾವಾಸ್ಯೆಯ ಮರುದಿನ. ಮಧ್ಯಾಹ್ನದ ಇಳಿತ ಚೆನ್ನಾಗಿರುತ್ತದೆ, ಬಂಡೆಗಳ ಬುಡದವರೆಗೂ ನಡೆದು ಹೋಗಬಹುದು ಅಂತ ಕಾತ್ಸುಮಿ ಅಣ್ಣನೇ ದಿನ ಗೊತ್ತು ಮಾಡಿ ವ್ಯಾನ್ ತಂದ. ಗಾಲಿಕುರ್ಚಿ ಹಿಂದೆ ಹಾಕಿಕೊಂಡೆವು. ಸೇತುವೆ ಹತ್ತುತ್ತಿದ್ದ ಹಾಗೆ ಅಪ್ಪ ಕಣ್ಣು ಮುಚ್ಚಿಕೊಂಡರು. ಆ ಸೇತುವೆ ಆದ ದಿನದಿಂದ ಅವರದು ಅದೇ ಪದ್ಧತಿ. ಆಸ್ಪತ್ರೆಗೆ ಹೋಗುವಾಗಲೂ ಹಾಗೇ. ಎಲ್ಲ ಮರೆತರೂ ಆ ಸಿಟ್ಟು ಮರೆತಿಲ್ಲ.

"ತಾಂಡೇಲರೇ, ದಾಟಿ ಆಯ್ತು, ಕಣ್ಣು ಬಿಡಿ" ಅಂದ ಕಾತ್ಸುಮಿ ಅಣ್ಣ. ಲಾಂಚು ನಿಂತರೂ ಅದನ್ನು ನಡೆಸಿದವರು ಊರಿಗೆ ಇನ್ನೂ ತಾಂಡೇಲರೇ.

"ಯಾವ ರೇವು ಇದು?"

"ಪೆಟ್ರೋಲ್ ಬಂಕು."

ಹಾಶಿಗುಯಿಯಲ್ಲಿ ಎರಡು ಬಸ್ಸು ನಿಂತಿದ್ದವು. ನೀರು ದೂರಕ್ಕೆ ಸರಿದಿತ್ತು. ಬಂಡೆಗಳ ಸಾಲು ಬುಡದವರೆಗೆ ಬಿಚ್ಚಿಕೊಂಡು, ನಡುನಡುವೆ ಸಣ್ಣ ಗುಂಡಿಗಳಲ್ಲಿ ನೀರು ಹೊಳೆಯುತ್ತಿತ್ತು. ನಾನು ಅದರ ಎದುರಿನ ರಸ್ತೆಯಲ್ಲಿ ತಿಂಗಳಿಗೆ ನಾಲ್ಕು ಸಲ ಓಡಾಡುತ್ತೇನೆ. ಆದರೂ ಇಳಿದು ನೋಡಿ ಹತ್ತು ವರ್ಷವಾಗಿತ್ತು. ಅಪ್ಪ ಗಾಲಿಕುರ್ಚಿಯಲ್ಲಿ ಕೂತು ಒಂದೊಂದೇ ಕಂಬ ಎಣಿಸಿದರು. ನಡುವೆ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದರು. "ಇನ್ನೂ ಬಹಳ ಕೆಲಸ ಇದೆ" ಅಂದರು. ಅದು ಅವರಿಗೆ ಸಮಾಧಾನ ಕೊಟ್ಟ ಹಾಗೆ ಕಂಡಿತು.

ಪಕ್ಕದಲ್ಲಿ ಶಾಲೆಯ ಮಕ್ಕಳ ಗುಂಪೊಂದು ನಿಂತಿತ್ತು. ಐದನೆಯ ತರಗತಿಯವರಿರಬೇಕು. ಅವರ ಟೀಚರ್ ಇಪ್ಪತ್ತೈದು ದಾಟಿರದ ಹುಡುಗಿ, ಕೈಯಲ್ಲಿ ಸಣ್ಣ ಮೈಕು. ಅದೇ ಕಥೆ ಹೇಳುತ್ತಿದ್ದಳು. "ಹೀಗೆ ಭೂತ ಕೋಳಿ ಥರ ಕೂಗಿ ಮೋಸ ಮಾಡಿತು. ಒಬ್ಬರ ಮೋಸದಿಂದ ಎಷ್ಟು ಜನರಿಗೆ ಅನುಕೂಲ ತಪ್ಪಿಹೋಯ್ತು ನೋಡಿದ್ರಾ?" ಅಂದಳು.

"ತಪ್ಪು" ಅಂದರು ಅಪ್ಪ. ಧಕ್ಕೆಯಿಂದ ಲಾಂಚಿಗೆ ಕೂಗುವ ದನಿ ಅದು, ಮೈಕಿಗಿಂತ ಜೋರು. ಮಕ್ಕಳೆಲ್ಲ ತಿರುಗಿದರು. ನಾನು ತಲೆ ಬಾಗಿಸಿ ಕ್ಷಮೆ ಕೇಳುವಷ್ಟರಲ್ಲಿ ಆ ಹುಡುಗಿ ನಗುತ್ತಾ ಹತ್ತಿರ ಬಂದಳು.

"ಯಾವುದು ತಪ್ಪು ಅಜ್ಜ? ಹೇಳಿ, ನಮಗೂ ಗೊತ್ತಾಗಲಿ."

"ಅವನು ಮೋಸ ಮಾಡ್ಬೇಕು ಅಂತ ಕೂಗ್ಲಿಲ್ಲ. ದ್ವೀಪದಲ್ಲಿ ಇದ್ದೋನು ಅವನು. ಸೇತುವೆ ಆದ್ರೆ ಇರೋರೆಲ್ಲ ಆ ಕಡೆ ಹೋಗ್ಬಿಡ್ತಾರೆ ಅಂತ ಹೆದರಿ ಕೂಗಿದ."

ನಾವು ಕೇಳಿ ಬೆಳೆದ ಕಥೆಯಲ್ಲಿ ಈ ಮಾತು ಇರಲಿಲ್ಲ, ನಮಿಯೆ. ಅಲ್ಲಿ ಇದ್ದದ್ದು ಲಾಂಚು, ಅನ್ನ. ಹೆದರಿಕೆ ಇರಲಿಲ್ಲ.

ಎರಡು ಜಡೆಯ ಹುಡುಗಿಯೊಬ್ಬಳು, "ಅಜ್ಜ, ನೀವು ಆ ಭೂತನ್ನ ನೋಡಿದೀರಾ?" ಅಂತ ಕೇಳಿದಳು.

"ದಿನಾ ನೋಡ್ತೀನಿ. ಗಡ್ಡ ಕೆರೆಯೋವಾಗ."

ಮಕ್ಕಳು ಗೊಳ್ಳೆಂದು ನಕ್ಕರು. ಟೀಚರೂ ನಕ್ಕಳು. ಮಕ್ಕಳಿಂದ ಅಪ್ಪನಿಗೆ ವಂದನೆ ಹೇಳಿಸಿ, ಸಾಲು ಮಾಡಿಸಿ ಬಸ್ಸಿನ ಕಡೆ ಕರೆದುಕೊಂಡು ಹೋದಳು. ಅಪ್ಪ ನಗಲಿಲ್ಲ. ಆ ಹುಡುಗಿ ಬಸ್ಸು ಹತ್ತುವವರೆಗೂ ಅವಳನ್ನೇ ನೋಡುತ್ತಿದ್ದರು.

ಆಮೇಲೆ ಬಂಡೆಯ ಹತ್ತಿರ ಹೋಗಬೇಕು ಅಂದರು. ಗಾಲಿಕುರ್ಚಿ ಅಲ್ಲಿಗೆ ಹೋಗುವುದಿಲ್ಲ. ಕಾತ್ಸುಮಿ ಅಣ್ಣ ಬೆನ್ನು ಕೊಟ್ಟು ಕುಕ್ಕರಿಸಿ, "ಹತ್ತಿ ತಾಂಡೇಲರೇ. ಇಪ್ಪತ್ತೈದು ವರ್ಷ ನಿಮ್ಮ ಲಾಂಚು ನನ್ನ ಅಂಚೆ ಚೀಲ ಹೊತ್ತಿದೆ, ಅದನ್ನ ಇವತ್ತು ತೀರಿಸ್ತೀನಿ" ಅಂದ. ಎಪ್ಪತ್ತೆರಡರ ಆ ಮನುಷ್ಯ ತೊಂಬತ್ತರ ಅಪ್ಪನನ್ನು ಹೊತ್ತುಕೊಂಡು ಪಾಚಿಕಲ್ಲಿನ ಮೇಲೆ ಕಾಲಿಡುವುದನ್ನು ನೋಡುತ್ತಾ ನಾನು ಎರಡೂ ಕೈ ಚಾಚಿಕೊಂಡೇ ಹಿಂದೆ ನಡೆದೆ. ಅಪ್ಪ ಈಗ ಹಕ್ಕಿಯಷ್ಟು ಹಗುರ, ಅದೇ ಪುಣ್ಯ. ಮೂರನೆಯ ಬಂಡೆಯ ಬುಡದಲ್ಲಿ ಚಪ್ಪಟೆ ಕಲ್ಲು ಸಿಕ್ಕಿತು. ಟವೆಲು ಹಾಸಿ ಕೂರಿಸಿದೆವು. ಕಾತ್ಸುಮಿ ಅಣ್ಣ ಉಸಿರು ಬಿಡುತ್ತಾ ಸ್ವಲ್ಪ ಆಚೆ ಹೋಗಿ ನಿಂತ. ನಾನು ಪಕ್ಕದಲ್ಲಿ ಕೂತೆ.

ಅಪ್ಪ ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿ, "ನಮಿಯೆ, ಯಾವಾಗ ಬಂದೆ?" ಅಂದರು.

ನಾನಲ್ಲ ಅಪ್ಪ ಅಂತ ಹೇಳಬೇಕಿತ್ತು. ಬೇರೆ ದಿನಗಳಲ್ಲಿ ಹೇಳುತ್ತೇನೆ. ಅಮ್ಮನ ಹೆಸರು ಹಿಡಿದು ಕರೆದರೆ, "ಅಮ್ಮ ತೀರಿಕೊಂಡು ಮೂವತ್ತು ವರ್ಷ ಆಯ್ತು ಅಪ್ಪ" ಅನ್ನುತ್ತೇನೆ. ಅವತ್ತು ಯಾಕೋ ಬಾಯಿ ತೆರೆಯಲಿಲ್ಲ. ಅವರ ಮುಖದಲ್ಲಿ ಅಂಥ ಒಂದು ಹಗುರ ಬಂದಿತ್ತು. "ಈಗ ತಾನೇ ಬಂದೆ" ಅಂದೆ.

ಅವರು ತಮ್ಮ ಕೈ ನೋಡಿಕೊಂಡರು. ಆಮೇಲೆ, "ಅವತ್ತು ಗಾಳಿ ಇರಲಿಲ್ಲ" ಅಂದರು.

ಯಾವತ್ತು ಅಂತ ನಾನು ಕೇಳಲಿಲ್ಲ.

ನಿನ್ನೆ ಇಲ್ಲಿ ನಿಲ್ಲಿಸಿದ್ದೆ. ಅಪ್ಪನನ್ನು ಹಗಲು ನೋಡಿಕೊಳ್ಳುವ ಕೇಂದ್ರದ ವ್ಯಾನು ಅವರನ್ನು ಮನೆಗೆ ಬಿಡಲು ಬಂತು. ಅವರಿಗೆ ಕಾಲು ತೊಳೆಸಿ, ಊಟ ಹಾಕಿ, ಮಲಗಿಸಿದೆ. ಈಗ ಮಂಗಳವಾರ ಬೆಳಿಗ್ಗೆ. ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿದೆ, ಅದು ನಿಲ್ಲುವುದರೊಳಗೆ ಮುಗಿಸುತ್ತೇನೆ.

ಆ ದಿನದ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಿಲ್ಲ. ಎಪ್ಪತ್ತನಾಲ್ಕರ ಫೆಬ್ರುವರಿ. ಮರುದಿನ ವಕಯಾಮದಲ್ಲಿ ನಿನಗೆ ಶಿಕ್ಷಕರ ಕಾಲೇಜಿನ ಪ್ರವೇಶ ಪರೀಕ್ಷೆ. ಬೆಳಿಗ್ಗೆ ಆರರ ಲಾಂಚು ಹಿಡಿದರೆ ಏಳರ ರೈಲು. ಅಪ್ಪ ಧಕ್ಕೆಯಲ್ಲಿ "ಇವತ್ತು ಲಾಂಚು ಇಲ್ಲ" ಅನ್ನುವ ಹಲಗೆ ತೂಗುಹಾಕಿದ್ದರು. ಕೊಲ್ಲಿಯ ಬಾಯಲ್ಲಿ ಗಾಳಿ ಎದ್ದಿದೆ ಅಂದರು. ನೀನು ಮೂರು ಮನೆಯ ದೋಣಿಯವರ ಬಾಗಿಲು ತಟ್ಟಿದೆ. ಮೂವರೂ ಒಂದೇ ಮಾತು ಹೇಳಿದರು: ತಾಂಡೇಲರು ಗಾಳಿ ಇದೆ ಅಂದರೆ ಗಾಳಿ ಇದೆ. ಮರುದಿನ ಮಧ್ಯಾಹ್ನ, ಪರೀಕ್ಷೆ ಮುಗಿಯುವ ಹೊತ್ತಿಗೆ, ಹಲಗೆ ಇಳಿಯಿತು. ಅಮ್ಮ ನಿನಗೆ ಕಟ್ಟಿಕೊಟ್ಟಿದ್ದ ಅನ್ನದುಂಡೆಗಳನ್ನು ನಾನೂ ಅಮ್ಮನೂ ಮಾತಿಲ್ಲದೆ ತಿಂದೆವು. ನೀನು ತಿನ್ನಲಿಲ್ಲ. ಎಂಟು ದಿನ ಬಿಟ್ಟು ಒಸಾಕಾಗೆ ಹೊರಟುಹೋದೆ. ಅಮ್ಮನ ಕರ್ಮಕ್ಕೆ ಬಂದಾಗಲೂ ಅಪ್ಪನ ಜೊತೆ ಮಾತಿಲ್ಲ. ಸಂಜೆಯ ಲಾಂಚಿನಲ್ಲಿ ಅವರೇ ಚುಕ್ಕಾಣಿ ಹಿಡಿದಿದ್ದರು. ನೀನು ಅವರಿಗೆ ಬೆನ್ನು ಹಾಕಿ ಹಿಂದಿನ ಹಲಗೆಯ ಮೇಲೆ ಕೂತು ದ್ವೀಪವನ್ನೇ ನೋಡುತ್ತಾ ಹೋದೆ. ನಾನು ಧಕ್ಕೆಯಲ್ಲಿ ನಿಂತಿದ್ದೆ, ನೀನು ನನ್ನನ್ನು ನೋಡುತ್ತಿದ್ದೀಯ ಅಂದುಕೊಂಡು ಕೈ ಬೀಸಿದೆ.

ಬಂಡೆಯ ಹತ್ತಿರ ಅಪ್ಪ ಇದನ್ನೆಲ್ಲ ಒಂದೊಂದಾಗಿ ಹೇಳಿದರು. ದಿನಾಂಕ, ಹಲಗೆ, ನೀನು ಹಾಕಿಕೊಂಡಿದ್ದ ನೀಲಿ ಕೋಟು. ನಿನ್ನೆಯ ಊಟ ನೆನಪಿಲ್ಲದವರು.

"ಸಮುದ್ರ ಹರಿವಾಣದ ಹಾಗಿತ್ತು ಮಗಳೇ. ನಾನು ಬೆರಳು ಎತ್ತಿ ಹಿಡಿದೆ. ಏನೂ ಇರಲಿಲ್ಲ. ಆದ್ರೂ ಹಲಗೆ ಹಾಕಿದೆ."

"ಗೊತ್ತು ಅಪ್ಪ" ಅಂದೆ.

"ಗೊತ್ತಿತ್ತಾ?"

"ಅವತ್ತೇ ಗೊತ್ತಿತ್ತು."

ಅವರು ತಲೆ ಆಡಿಸಿದರು. "ಪರೀಕ್ಷೆ ಏನಾಯ್ತು?" ಅಂದರು.

ಇದನ್ನು ನೀನು ಗಮನವಿಟ್ಟು ಓದಬೇಕು. ನಾನು, "ಮುಂದಿನ ವರ್ಷ ಬರೆದೆ. ಪಾಸಾಯ್ತು" ಅಂದೆ. "ಮತ್ತೆ?" ಅಂದರು. "ಟೀಚರ್ ಆದೆ. ಸಕೈಯಲ್ಲಿ" ಅಂದೆ, ಊರಾದರೂ ನಿನ್ನದೇ ಇರಲಿ ಅಂತ. "ಯಾವ ಕ್ಲಾಸಿಗೆ?" ಅಂದರು. ಮೂರನೇ ಕ್ಲಾಸಿಗೆ ಅಂದೆ. ಎಷ್ಟು ಮಕ್ಕಳು ಅಂದರು. ಬಾಯಿಗೆ ಬಂದದ್ದು ಹೇಳಿದೆ, ಮೂವತ್ತನಾಲ್ಕು. "ತುಂಟರು ಇದ್ದಾರಾ?" ಅಂದರು. "ಇಬ್ಬರು ಇದ್ದಾರೆ. ಒಬ್ಬ ಊಟದ ಹೊತ್ತಿಗೆ ಬೇರೆಯವರ ತಟ್ಟೆಯಿಂದ ಮೀನು ಎತ್ಕೊಳ್ತಾನೆ" ಅಂದೆ. ಆ ಹುಡುಗ ಸುಳ್ಳಲ್ಲ, ನೀನು ಫೋನಿನಲ್ಲಿ ಒಮ್ಮೆ ಹೇಳಿದ್ದೆ. ಅಡುಗೆಮನೆಯ ಕಿಂಡಿಯಿಂದ ನೀನು ನೋಡಿದ್ದನ್ನು ಟೀಚರ್ ನೋಡಿದ ಹಾಗೆ ಹೇಳಿದೆ. ಅಪ್ಪ ನಕ್ಕರು. ಹಲ್ಲಿಲ್ಲದ ಬಾಯಿ ತೆರೆದು, ಭುಜ ಕುಣಿಸಿ ನಕ್ಕರು. ನಾನು ಅವರು ಹಾಗೆ ನಕ್ಕದ್ದು ನೋಡಿ ಎಷ್ಟು ವರ್ಷವಾಗಿತ್ತೋ.

ಆಮೇಲೆ ಕೇಳಿದರು: "ಇನ್ನೂ ಸಿಟ್ಟು ಇದೆಯಾ?"

ಇದಕ್ಕೆ ತಕ್ಷಣ ಉತ್ತರ ಹೇಳಲಿಲ್ಲ, ಅಷ್ಟು ಮಾತ್ರ ನಿನಗೆ ನ್ಯಾಯ ಮಾಡಿದೆ. ನೀರು ತಿರುಗಿತ್ತು. ಕಲ್ಲಿನ ಸಂದುಗಳಲ್ಲಿ ಏರುತ್ತಿದ್ದ ಭರತದ ನೀರು ಗುಳುಗುಳು ಅನ್ನುತ್ತಿತ್ತು. ಕಾತ್ಸುಮಿ ಅಣ್ಣ ದೂರದಿಂದ, "ಕಿನು, ಏಳಬೇಕು" ಅಂದ. ಅಪ್ಪ ನನ್ನ ತೋಳು ಹಿಡಿದುಕೊಂಡಿದ್ದರು. ಉತ್ತರ ಬರುವವರೆಗೆ ಏಳುವವರಲ್ಲ ಅನ್ನುವುದು ಗೊತ್ತಾಯಿತು.

"ಇಲ್ಲ ಅಪ್ಪ" ಅಂದೆ. "ಸಿಟ್ಟಿಲ್ಲ."

ಅವರು ಕೈ ಬಿಟ್ಟರು. ಕಾತ್ಸುಮಿ ಅಣ್ಣ ಬಂದು ಬೆನ್ನು ಕೊಟ್ಟ. ದಡ ಸೇರುವಷ್ಟರಲ್ಲಿ ಅವನ ಬೂಟಿನೊಳಗೆ ನೀರು ಹೋಗಿತ್ತು. ರಸ್ತೆಬದಿಯ ಅಂಗಡಿಯಲ್ಲಿ ಪೊಂಕನ್ ಹಣ್ಣಿನ ಐಸ್‌ಕ್ರೀಮ್ ಕೊಡಿಸಿದೆ. ಅಪ್ಪ ಕೋನಿನ ತುದಿಯನ್ನೂ ಬಿಡದೆ ತಿಂದು, ಮೂಗಿಗೆ ಬಳಿದುಕೊಂಡು, ವ್ಯಾನಿನಲ್ಲಿ ನಿದ್ದೆ ಹೋದರು. ಸೇತುವೆ ದಾಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಅಂಗಡಿಯಿಂದ ಹೊರಡುವ ಮುಂಚೆ, ಅವರು ಮಲಗಿದ್ದಾಗ, ಕಾತ್ಸುಮಿ ಅಣ್ಣ ವ್ಯಾನು ಶುರು ಮಾಡದೆ ಹಾಗೇ ಕೂತಿದ್ದ. "ನನಗೆ ಎಲ್ಲ ಕೇಳಿಸ್ತು" ಅಂದ.

"ಕೇಳಿಸಲಿ."

"ಅವತ್ತು ನಾನೂ ಧಕ್ಕೆಯಲ್ಲೇ ಇದ್ದೆ ಕಿನು. ಅಂಚೆ ಚೀಲ ಹೆಗಲ ಮೇಲಿತ್ತು. ಕೆಲಸಕ್ಕೆ ಸೇರಿದ ಮೊದಲನೇ ವರ್ಷಗಳು. ಗಾಳಿ ಇಲ್ಲ ಅಂತ ನನಗೂ ಕಾಣ್ತಿತ್ತು, ಅಲ್ಲಿದ್ದ ಹತ್ತು ಜನಕ್ಕೂ ಕಾಣ್ತಿತ್ತು. ಒಬ್ರಾದ್ರೂ ಬಾಯಿ ಬಿಟ್ವಾ?"

"ಯಾಕೆ ಬಿಡಲಿಲ್ಲ?"

"ನಮ್ಮಮ್ಮಂಗೆ ಹೆರಿಗೆ ಕಷ್ಟ ಆದಾಗ ಬಿರುಗಾಳೀಲಿ ಡಾಕ್ಟರನ್ನ ಕರ್ಕೊಂಡು ಬಂದಿದ್ದು ಅವರು. ಎಲ್ಲರ ಮನೇಲೂ ಅಂಥದ್ದು ಒಂದೊಂದು ಇತ್ತು. ಅವರ ಮಾತಿಗೆ ಎದುರು ಹೇಳೋ ಬಾಯಿ ಯಾರಿಗಿತ್ತು?" ಆಮೇಲೆ, "ನಾನು ನಮಿಯೆಗೆ ಬರೀಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ಊರಿಗೆಲ್ಲ ಕಾಗದ ಹಂಚಿದೆ, ಒಂದು ಬರೆಯೋಕೆ ಆಗ್ಲಿಲ್ಲ. ನೀನು ಬರೆಯೋದಾದ್ರೆ ನನ್ನ ಮಾತೂ ಸೇರಿಸು" ಅಂದ. ಸೇರಿಸಿದ್ದೇನೆ.

ಕಾತ್ಸುಮಿ ಅಣ್ಣ ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ಅವತ್ತು ನಿನ್ನ ಚೀಲ ಹಿಡಿದುಕೊಂಡು ನಾನು ನಿನ್ನ ಪಕ್ಕದಲ್ಲಿ ನಿಂತಿದ್ದೆ. ಹಲಗೆ ನೋಡಿದಾಗ ನನಗೆ ಒಂದು ಕ್ಷಣ ಖುಷಿಯಾಯಿತು. ನಿನಗೆ ಓದು ತಲೆಗೆ ಹತ್ತುತ್ತಿತ್ತು, ನನಗೆ ಹತ್ತುತ್ತಿರಲಿಲ್ಲ. ಮೀನು ಸಂಘದ ಆಫೀಸಿನಲ್ಲಿ ತಕ್ಕಡಿಯ ಮುಂದೆ ಕೂರುವುದೇ ನನ್ನ ಪಾಲು ಅಂತ ಆಗಲೇ ಗೊತ್ತಾಗಿಹೋಗಿತ್ತು. ನೀನು ಹೋದರೆ ನಾನು ಒಬ್ಬಳೇ ಅಂತ ಅನಿಸುತ್ತಿತ್ತು. ಆ ಖುಷಿ ನೀನು ಮೊದಲನೆಯ ಮನೆಯ ಬಾಗಿಲು ತಟ್ಟುವಷ್ಟರಲ್ಲೇ ಹೋಯಿತು. ಆದರೆ ಇತ್ತು. ನಿನ್ನ ಹಿಂದೆ ಹಿಂದೆ ಮೂರು ಮನೆಗೂ ಬಂದೆ. ಒಂದು ಕಡೆಯಾದರೂ "ಅಪ್ಪ ಸುಳ್ಳು ಹೇಳ್ತಿದ್ದಾರೆ" ಅನ್ನಲಿಲ್ಲ. ನಾನು ತಾಂಡೇಲರ ಮಗಳು, ನಾನು ಹೇಳಿದ್ದರೆ ಯಾರಾದರೂ ದೋಣಿ ಇಳಿಸುತ್ತಿದ್ದರೋ ಏನೋ.

ಈಗ ಆಗಿರುವುದು ಇದು. ಅಪ್ಪ ಅವತ್ತಿನಿಂದ ಧಕ್ಕೆಗೆ ಹೋಗಿಲ್ಲ. ಇವತ್ತಿಗೆ ಏಳು ದಿನ. ಬೆಳಿಗ್ಗೆ ಏಳೂವರೆವರೆಗೆ ಮಲಗುತ್ತಾರೆ. ಡಾಕ್ಟರಿಗೆ ಹೇಳಿದೆ. ಕಾಯಿಲೆ ಮುಂದಕ್ಕೆ ಹೋದಾಗ ಹೀಗೆ ಅಭ್ಯಾಸಗಳು ತಾವಾಗಿ ಬಿಟ್ಟುಹೋಗುವುದುಂಟು, ಬೇರೆ ಅರ್ಥ ಹಚ್ಚಬೇಡಿ ಅಂದರು. ಇರಬಹುದು. ಆದರೆ ಮೀನು ಹಿಡಿಯುವವರು ಬಂದು, "ತಾಂಡೇಲರಿಗೆ ಹುಷಾರಿಲ್ವಾ? ಗಾಳಿ ಯಾರನ್ನ ಕೇಳೋದು?" ಅಂತ ವಿಚಾರಿಸಿದರು.

ಇನ್ನೊಂದು. ಕೇಂದ್ರದಲ್ಲಿ ಎಲ್ಲರ ಹತ್ತಿರ, "ನನ್ನ ಮಗಳು ಸಕೈಯಲ್ಲಿ ಟೀಚರು, ಮೂರನೇ ಕ್ಲಾಸು" ಅಂತ ಹೇಳುತ್ತಿದ್ದಾರೆ. ಶುಕ್ರವಾರ ಅಲ್ಲಿಯ ನರ್ಸು ನನಗೆ, "ನಿಮ್ಮ ಮನೇಲಿ ಟೀಚರ್ ಇದ್ದಾರೆ ಅಂತ ಹೇಳಲೇ ಇಲ್ವಲ್ಲ" ಅಂದಳು. ಹೌದು ಅಂದೆ. ಅವಳ ಮುಂದೆ ಇಲ್ಲ ಅನ್ನಲು ಆಗಲಿಲ್ಲ. ಹಾಗಾಗಿ ಈ ದ್ವೀಪದ ಅರ್ಧ ಜನರ ಪಾಲಿಗೆ ನೀನು ಈಗ ಟೀಚರು.

ಇದನ್ನು ಓದಿದಾಗ ನಿನಗೆ ಏನಾಗುತ್ತದೆ ಅನ್ನುವುದನ್ನು ನಾನು ಯೋಚಿಸಿಲ್ಲ ಅಂದುಕೊಳ್ಳಬೇಡ. ನೀನು ಆಗಬೇಕಾಗಿದ್ದು, ಆಗದೇ ಹೋದದ್ದು. ಅದನ್ನು ನಾನು ಒಂದು ಕಲ್ಲಿನ ಮೇಲೆ ಕೂತು ಎರಡು ಮಾತಿನಲ್ಲಿ ಆಗಿಸಿಬಿಟ್ಟೆ. ನಿನ್ನ ನಲವತ್ತನಾಲ್ಕು ವರ್ಷದ ಸಿಟ್ಟನ್ನೂ ನಿನ್ನ ಕೇಳದೆ ಬಿಟ್ಟುಕೊಟ್ಟೆ. ಅದು ನಿನ್ನದು, ನನ್ನದಾಗಿರಲಿಲ್ಲ. ನೀನು ಕ್ಷಮಿಸಬೇಕು ಅಂತ ನಾನು ಹೇಳುತ್ತಿಲ್ಲ. ಕ್ಷಮಿಸದೇ ಇರುವುದಕ್ಕೆ ನಿನಗೆ ಕಾರಣವಿದೆ, ಅದು ಹಾಗೇ ಇರಲಿ ಅಂದರೆ ಇರಲಿ. ಅಪ್ಪನಿಗೆ ನಿಜ ಗೊತ್ತಾಗಲೇಬೇಕು ಅಂತ ನಿನಗೆ ಅನಿಸಿದರೆ ಒಂದು ಕಾರ್ಡಿನಲ್ಲಿ ಬರೆ. ನಾನೇ ಹೇಳುತ್ತೇನೆ. ಅವರು ಮತ್ತೆ ಮರೆಯಬಹುದು, ಮರೆಯದೆಯೂ ಇರಬಹುದು, ಅದು ನಮ್ಮ ಕೈಯಲ್ಲಿಲ್ಲ. ಹಾಗೆ ಬೇಡ ಅನಿಸಿದರೆ, ಒಂಬತ್ತನೆಯ ತಾರೀಕು ಫೋನ್ ಮಾಡಿದಾಗ ಅವರು ಮಕ್ಕಳು ಹೇಗಿದ್ದಾರೆ ಅಂತ ಕೇಳುತ್ತಾರೆ. ಮೂವತ್ತನಾಲ್ಕು ಮಕ್ಕಳು. ಇಬ್ಬರು ತುಂಟರು. ಚೆನ್ನಾಗಿದ್ದಾರೆ ಅಂದರೆ ಸಾಕು.

ಬರಲು ಮನಸ್ಸಾದರೆ ಇನ್ನೂ ಒಳ್ಳೆಯದು. ಈಗ ಲಾಂಚು ಹತ್ತುವುದೇನಿಲ್ಲ, ಸ್ಟೇಶನ್ನಿನಿಂದ ಬಸ್ಸು ನೇರ ಇಲ್ಲಿಗೇ ಬರುತ್ತದೆ. ಮೇಲಿನ ಕೋಣೆ ಗುಡಿಸಿ, ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ನೀನು ಬಂದರೂ ಬರದಿದ್ದರೂ ಹಾಸಿಗೆಗೆ ಬಿಸಿಲು ಬೇಕಾಗಿತ್ತು.

ಕಿಂಕಾನ್ ಸೀಸೆ ಬಂದ ತಕ್ಷಣ ತೆರೆಯಬೇಡ, ಒಂದು ತಿಂಗಳು ಬಿಡು. ನಿಮ್ಮ ಮನೆಯವರಿಗೆ ಒಂದೇ ಹಣ್ಣು, ಸಕ್ಕರೆ ಬಹಳ ಹಾಕಿದ್ದೇನೆ. ಬೆನ್ನಿಗೆ ಬೆಚ್ಚಗೆ ಕಟ್ಟಿಕೊ. ಭಾರ ಎತ್ತಬೇಡ. ನಿನಗೂ ನಿನ್ನ ಮನೆಗೂ ಒಳ್ಳೆಯದಾಗಲಿ, ಈ ಬೇಸಿಗೆ ನಿನಗೆ ತಂಪಾಗಿ ಕಳೆಯಲಿ ಅಂತ ಹಾರೈಸುವ,

ನಿನ್ನ
ಕಿನುಯೊ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಬಟ್ಟೆ ಒಗೆಯುವ ಯಂತ್ರ ನಿಂತು ಬಹಳ ಹೊತ್ತಾಯಿತು, ಇನ್ನೂ ಕೂತಿದ್ದೇನೆ. ಬಂಡೆಯ ಹತ್ತಿರ, ಸಿಟ್ಟಿಲ್ಲ ಅಂದ ಮೇಲೆ, ಅಪ್ಪ ನನ್ನ ತೋಳು ಬಿಟ್ಟ ಮೇಲೆ, ಕಾತ್ಸುಮಿ ಅಣ್ಣ ಬಂದು ಬೆನ್ನು ಕೊಡುವುದಕ್ಕೆ ಮುಂಚೆ, ನಾನು ಒಂದು ಪ್ರಶ್ನೆ ಕೇಳಿದೆ. ನಿನ್ನ ಹೆಸರಿನಲ್ಲೇ ಕೇಳಿದೆ. "ಅಪ್ಪ, ಕಿನುಯೊ ಅಕ್ಕ ಹೇಗಿದ್ದಾಳೆ?" ಅಂತ. ಯಾಕೆ ಕೇಳಿದೆನೋ. ನನ್ನ ಬಗ್ಗೆ ಅವರು ಯಾರ ಹತ್ತಿರವಾದರೂ ಏನು ಹೇಳುತ್ತಾರೆ ಅಂತ ಒಂದು ಸಲ ಕೇಳಿಸಿಕೊಳ್ಳಬೇಕು ಅನಿಸಿತು. ಅಪ್ಪ ನಿಜವಾಗಿಯೂ ಯೋಚಿಸಿದರು. ಹುಬ್ಬು ಗಂಟಿಕ್ಕಿ, ಸಮುದ್ರ ನೋಡಿ ಯೋಚಿಸಿದರು. ಆಮೇಲೆ, "ಯಾವ ಅಕ್ಕ? ನೀನು ಒಬ್ಬಳೇ ಅಲ್ವಾ ಮಗಳೇ. ನೀನು ಹೋದ ಮೇಲೆ ಮನೇಲಿ ಯಾರೂ ಇರಲಿಲ್ಲ" ಅಂದರು. ಕಾಯಿಲೆಯ ಮಾತು ಅದು, ಗೊತ್ತಿದೆ. ಡಾಕ್ಟರನ್ನು ಕೇಳಿದರೆ ಅದನ್ನೇ ಹೇಳುತ್ತಾರೆ. ನೀನು ಬರುವುದಾದರೆ ನನಗೆ ಏನೂ ತರಬೇಡ. ಅಪ್ಪನ ಎದುರಿಗೆ, ಅವರಿಗೆ ಕೇಳಿಸುವ ಹಾಗೆ, ನನ್ನನ್ನು ಒಂದು ಸಲ ಅಕ್ಕ ಅಂತ ಕರಿ.